ಕುಕ್ಕರ್ ಕೂಗಿದಾಗ ಏಳಲು ಬಿಡುವ ಆಟಗಳು

ವರ್ಷದ ಕೊನೆ ಬಂತೆಂದರೆ ಪಟ್ಟಿಗಳದ್ದೇ ಸುಗ್ಗಿ. ವರ್ಷದ ಹತ್ತು ಸಿನಿಮಾ, ವರ್ಷದ ಹತ್ತು ಹಾಡು, ವರ್ಷದ ಹತ್ತು ಸೀರೆ ಡಿಸೈನ್! ಈ ಸಲ ನನ್ನದೂ ಒಂದು ಪಟ್ಟಿ ಇದೆ. 2025ರಲ್ಲಿ ನಾನು ಆಡಿದ ಕಂಪ್ಯೂಟರ್ ಗೇಮ್‌ಗಳಲ್ಲಿ ಅತ್ಯುತ್ತಮ ಆರು.

ನಗಬೇಡಿ, ಪ್ಲೀಸ್. ಚಾಮರಾಜನಗರದ ಗೃಹಿಣಿ, ವಯಸ್ಸು ಮೂವತ್ತೆಂಟು, ಎರಡು ಮಕ್ಕಳ ತಾಯಿ, ಅವಳು ಕಂಪ್ಯೂಟರ್ ಗೇಮ್ ಆಡ್ತಾಳಂತೆ ಅಂತ ನಮ್ಮ ಬೀದಿಯವರು ಆಗಲೇ ನಕ್ಕಾಗಿದೆ. ನಮ್ಮತ್ತೆಯಂತೂ "ಇನ್ನು ಗೋಲಿ, ಬುಗುರಿ ಒಂದು ಬಾಕಿ ಕನವ್ವ, ಅದನ್ನೂ ಆಡ್ಬುಡು" ಎಂದು ಹೇಳಿಯೂ ಆಗಿದೆ.

ಆದರೆ ನಾನು ಆಟಕ್ಕೆ ಕೂತಿದ್ದು ಖುಷಿಗಲ್ಲ. ಹೊಟ್ಟೆ ಉರಿದು ಕೂತಿದ್ದು. ಆ ಕಥೆ ಮೊದಲು ಕೇಳಿ. ನಿಮ್ಮನೆಯಲ್ಲೂ ಹೈಸ್ಕೂಲ್ ಓದುವ ಮಗನೋ ಮಗಳೋ ಇದ್ದರೆ, ಇದು ನಿಮ್ಮದೇ ಕಥೆ ಅನ್ನಿಸಬಹುದು.

ಚೀಟಿ ದುಡ್ಡು ಎಲ್ಲಿ ಹೋಯ್ತು?

ಫೆಬ್ರವರಿಯ ಒಂದು ಬೆಳಿಗ್ಗೆ ಚೀಟಿ ಕಟ್ಟೋಣವೆಂದು ಮೊಬೈಲ್ ತೆಗೆದರೆ ಅಕೌಂಟಿನಲ್ಲಿ 3,850 ರೂಪಾಯಿ ಕಡಿಮೆ! ಕೈಕಾಲು ನಡುಗಿತು. ಯಾರೋ ಕಳ್ಳರು ಎಗರಿಸಿದರು ಎಂದುಕೊಂಡೆ. ನಮ್ಮವರು ಒಂದೊಂದೇ ಮೆಸೇಜ್ ತೆಗೆದು ನೋಡಿದರು. ಎರಡು ವಾರದಲ್ಲಿ ಏಳು ಸಲ, ಸ್ವಲ್ಪ ಸ್ವಲ್ಪವೇ ಹೋಗಿದೆ. ಕಳ್ಳ ಹೊರಗಿನವನಲ್ಲ. ಒಂಬತ್ತನೇ ಕ್ಲಾಸಿನ ನನ್ನ ಮಗ! ಮೊಬೈಲ್ ಗೇಮಿನೊಳಗೆ ತನ್ನ ಸೈನಿಕನಿಗೆ ಬಟ್ಟೆ ಕೊಂಡಿದ್ದಾನೆ, ಬಂದೂಕಿಗೆ ಬಣ್ಣ ಕೊಂಡಿದ್ದಾನೆ. ನನ್ನ ಯುಪಿಐ ಪಿನ್ ಅವನಿಗೆ ಹೇಗೆ ಗೊತ್ತಾಯ್ತು ಅಂತೀರಾ? ಮಗಳು ಹುಟ್ಟಿದ ಇಸವಿಯನ್ನೇ ಪಿನ್ ಮಾಡಿಕೊಂಡಿದ್ದ ಜಾಣೆ ನಾನು.

ಬೈದೆ. ಹೊಡೆದೂಬಿಟ್ಟೆ, ಸುಳ್ಳೇಕೆ ಹೇಳಲಿ. ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಗ ಅಳಲಿಲ್ಲ, ಜಗಳವಾಡಲಿಲ್ಲ. ಮಾತು ಬಿಟ್ಟ. ತಟ್ಟೆ ಮುಂದೆ ಕೂತು ತಿಂದು ಎದ್ದು ಹೋಗುತ್ತಿದ್ದ. ಹನ್ನೊಂದು ದಿನ! ಮನೆಯೊಳಗಿದ್ದೂ ಮಗ ಇಲ್ಲದಂತಿರುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಹನ್ನೆರಡನೇ ದಿನ ಏನಾಯ್ತು ಗೊತ್ತಾ? ಒಲೆ ಮೇಲೆ ಬೇಳೆ ಸೀದು ಮನೆಯೆಲ್ಲ ಹೊಗೆ. ನಾನು ಅಡುಗೆಮನೆಯಲ್ಲೇ ಸ್ಟೂಲ್ ಮೇಲೆ ಕೂತು ಮೊಬೈಲಿನಲ್ಲಿ ಬಣ್ಣ ಬಣ್ಣದ ಚೌಕ ಜೋಡಿಸುವ ಆಟ ಆಡುತ್ತಿದ್ದೆ. 'ಇದೊಂದು ಲೆವೆಲ್, ಇದೊಂದೇ' ಎನ್ನುತ್ತಾ ಎಷ್ಟು ಹೊತ್ತಾಯಿತೋ. ಓಡಿಬಂದ ಮಗ ಗ್ಯಾಸ್ ಆರಿಸಿ, ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ, ಹನ್ನೆರಡು ದಿನಗಳಲ್ಲಿ ಮೊದಲ ಸಲ ಬಾಯಿಬಿಟ್ಟ. "ನೀನೂ ಅಷ್ಟೇ ಅಲ್ವಾಮ್ಮ?"

ಅವತ್ತು ರಾತ್ರಿ ನಿರ್ಧಾರ ಮಾಡಿದೆ. ಕಿತ್ತಿಟ್ಟುಕೊಂಡು ಪ್ರಯೋಜನವಿಲ್ಲ. ಅವನ ಜೊತೆ ಕೂತು ಆಡಬೇಕು. ಯಾವ ಆಟ ನಮ್ಮನ್ನು ಆಡಿಸುತ್ತದೆ, ಯಾವ ಆಟವನ್ನು ನಾವು ಆಡುತ್ತೇವೆ ಅಂತ ತಿಳಿದುಕೊಳ್ಳಬೇಕು. ನಮ್ಮವರು ಮಗಳ ಓದಿಗೆಂದು ಮೈಸೂರಿನಿಂದ ತಂದಿದ್ದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಭಾನುವಾರಗಳಂದು ಎರಡು ಗಂಟೆ ನಮ್ಮದು ಎಂದಾಯಿತು.

ನನ್ನ ಮೂರು ಪರೀಕ್ಷೆಗಳು

ಗ್ರಾಫಿಕ್ಸು, ಪ್ರೊಸೆಸರು ನನಗೆ ಅರ್ಥವಾಗಲ್ಲ. ಹಾಗಾಗಿ ನನ್ನದೇ ಮೂರು ಪರೀಕ್ಷೆ ಇಟ್ಟುಕೊಂಡೆ.

ಕುಕ್ಕರ್ ಪರೀಕ್ಷೆ: ಮೂರನೇ ವಿಷಲ್ ಕೂಗಿದಾಗ ಆಟ ನಿಲ್ಲಿಸಿ ಏಳಲು ಆಗುತ್ತಾ? ಎದ್ದರೆ ಏನೂ ಕಳೆದುಹೋಗುವುದಿಲ್ಲವಾ?

ಪರ್ಸ್ ಪರೀಕ್ಷೆ: ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತಾ, ಇಲ್ಲಾ ನಡುನಡುವೆ ಕೈ ಚಾಚುತ್ತಲೇ ಇರುತ್ತಾ?

ಚಾಪೆ ಪರೀಕ್ಷೆ: ಪಕ್ಕದಲ್ಲಿ ಚಾಪೆ ಹಾಕಿಕೊಂಡು ಇನ್ನೊಬ್ಬರು ಕೂರಬಹುದಾ? ನೋಡುವವರಿಗೂ ಅದರಲ್ಲಿ ಪಾಲಿದೆಯಾ?

ಇವೆಲ್ಲ 2025ರಲ್ಲೇ ಬಿಡುಗಡೆಯಾದವೇನಲ್ಲ. ನಮ್ಮನೆಗೆ ಆ ವರ್ಷ ಬಂದವು. ಸೀರೆ ಯಾವಾಗ ನೇಯ್ದದ್ದಾದರೇನು, ನಾವು ಉಟ್ಟ ದಿನವೇ ಅದು ಹೊಸದು ಅಲ್ವಾ? ಬನ್ನಿ, ಕೆಳಗಿನಿಂದ ಮೇಲಕ್ಕೆ ಹೋಗೋಣ.

6. ಲೂಡೋ ಕಿಂಗ್

ಇದನ್ನು ಗೊತ್ತಿಲ್ಲದವರು ಯಾರು ಹೇಳಿ? ನವಿ ಮುಂಬಯಿಯ ಗೇಮ್‌ಶನ್ ಕಂಪನಿ 2016ರಲ್ಲಿ ತಂದ ಆಟ. 2020ರ ಲಾಕ್‌ಡೌನಿನಲ್ಲಿ ದೇಶವೇ ಇದನ್ನಾಡಿತು. ಚಾಮರಾಜನಗರದಲ್ಲಿ ನಾವು, ಗುಂಡ್ಲುಪೇಟೆಯಲ್ಲಿ ನನ್ನ ತಂಗಿ ಮನೆಯವರು. ತೆರಕಣಾಂಬಿ ಮೇಲೆ ಒಂದು ಗಂಟೆ ಬಸ್ ಪ್ರಯಾಣದ ದೂರ. ಆಟದಲ್ಲಿ ಮಾತ್ರ ಒಂದೇ ಹಾಸಿನ ಸುತ್ತ ಕೂತಂತೆ.

ಲೂಡೋ ಹೊರಗಿನಿಂದ ಬಂದ ಆಟ ಅಂದುಕೊಂಡಿದ್ದೀರಾ? ನಮ್ಮ ಪಗಡೆ, ಪಚೀಸಿಯನ್ನೇ ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರಿನಿಂದ ಪೇಟೆಂಟ್ ಪಡೆದರು. ನಮ್ಮ ಕಡೆಯ ಚೌಕಾಬಾರವೂ ಇದೇ ಬಳಗದ್ದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಹುಣಸೆ ಬೀಜವನ್ನು ಒಂದು ಬದಿ ತೇಯ್ದು ದಾಳ ಮಾಡಿಕೊಂಡು ಆಡಿದ್ದು ನೆನಪಿದೆಯಾ?

ಅಷ್ಟೇ ಅಲ್ಲ, ನಮ್ಮೂರಿನ ಹೆಸರಿಗೂ ಆಟಕ್ಕೂ ನಂಟಿದೆ! ಅರಿಕುಠಾರವಾಗಿದ್ದ ಈ ಊರಿಗೆ ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆ ಮಹಾರಾಜರಿಗೆ ಆಟ ಅಂದರೆ ಪ್ರಾಣ. ಚದುರಂಗದ ಕುದುರೆ ನಡೆಯ ಒಗಟುಗಳು, ಹೊಸ ಹೊಸ ಗಂಜೀಫಾ ಎಲೆಗಳು, ಹಾಸಿನ ಆಟಗಳು ಎಲ್ಲವನ್ನೂ ರೂಪಿಸಿದವರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವಿದೆ. ಇದನ್ನು ಹೇಳಿದ ಮೇಲೆ ನಮ್ಮತ್ತೆ ನನ್ನನ್ನು ಅಣಕಿಸುವುದು ಸ್ವಲ್ಪ ಕಡಿಮೆಯಾಗಿದೆ. ಮಹಾರಾಜರೇ ಆಡಿದ ಮೇಲೆ ಸೊಸೆ ಆಡಿದರೆ ತಪ್ಪೇನು?

ಕುಕ್ಕರ್: ಕಷ್ಟ, ನಿಮ್ಮ ಸರದಿಗೆ ಉಳಿದವರು ಕಾಯ್ತಾರೆ. ಪರ್ಸ್: ಉಚಿತ ಆಟ, ಆದ್ದರಿಂದ ಜಾಹೀರಾತು ಇರೋದೇ. ಚಾಪೆ: ಫಸ್ಟ್ ಕ್ಲಾಸ್.

5. ಟೆಟ್ರಿಸ್

ಮೇಲಿನಿಂದ ತುಂಡುಗಳು ಬೀಳುತ್ತವೆ. ತಿರುಗಿಸಿ ತಿರುಗಿಸಿ ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಆ ಸಾಲು ಮಾಯ. ಅಷ್ಟೇ ಆಟ! 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಮಾಡಿದ್ದು. ಇರುವುದೇ ಏಳು ಆಕಾರ, ಪ್ರತಿಯೊಂದರಲ್ಲೂ ನಾಲ್ಕು ಚೌಕ. ಅದಕ್ಕೇ ಗ್ರೀಕಿನಲ್ಲಿ ನಾಲ್ಕು ಎಂಬರ್ಥದ 'ಟೆಟ್ರಾ'ಕ್ಕೆ ತನಗಿಷ್ಟವಾದ ಟೆನಿಸ್ ಸೇರಿಸಿ ಹೆಸರಿಟ್ಟನಂತೆ. ಆಗ ಸೋವಿಯತ್ ಸರ್ಕಾರದ ಕಾಲ. ಜಗತ್ತೆಲ್ಲ ಆಡಿದರೂ ಅವನ ಕೈಗೆ ಗೌರವಧನ ಬರತೊಡಗಿದ್ದು 1996ರ ನಂತರ.

ಇದು ನನಗೆ ಹೇಳಿಮಾಡಿಸಿದ ಆಟ. ಯಾಕೆ ಗೊತ್ತಾ? ಫ್ರಿಜ್ಜಿನಲ್ಲಿ ಸಾರಿನ ಪಾತ್ರೆ, ದೋಸೆ ಹಿಟ್ಟು, ಸೊಪ್ಪು, ಹಾಲು ಎಲ್ಲ ಜೋಡಿಸಿ ಬಾಗಿಲು ಹಾಕುವ ಕಲೆ ಹದಿನೇಳು ವರ್ಷದಿಂದ ಅಭ್ಯಾಸ ಆಗಿದೆಯಲ್ಲ! ಮೊದಲ ವಾರವೇ ಮಗನನ್ನು ಸೋಲಿಸಿದೆ. "ಅಮ್ಮ, ಇನ್ನೊಂದ್ ಸಲ" ಎಂದ. ಅವನು ನನ್ನ ಜೊತೆ ಮಾತಾಡಲು ಶುರು ಮಾಡಿದ್ದು ಹೀಗೆ.

ಒಂದೇ ತಕರಾರು. ಟೆಟ್ರಿಸ್‌ಗೆ ಕೊನೆ ಅಂತಿಲ್ಲ. ನೀವು ಸೋಲುವ ತನಕ ಅದು ತುಂಡು ಉದುರಿಸುತ್ತಲೇ ಇರುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಹಳೆಯ ನಿಂಟೆಂಡೊ ಟೆಟ್ರಿಸನ್ನು ಆಡೀ ಆಡೀ, ಅದೇ ಸುಸ್ತಾಗಿ ನಿಂತುಬಿಡುವಂತೆ ಮಾಡಿದ! ಹಾಗೆ ಮಾಡಿದ ಮೊದಲ ಮನುಷ್ಯ ಅವನೇ. ನಮಗೆ ಅದೆಲ್ಲ ಬೇಡ, ಮೂರು ಆಟಕ್ಕೆ ಸಾಕು.

ಕುಕ್ಕರ್: ಪಾಸ್, ನಿಲ್ಲಿಸಿ ಏಳಬಹುದು. ಪರ್ಸ್: ಪಾಸ್. ಚಾಪೆ: ಸರದಿ ಮೇಲೆ ಆಡಿದರೆ ಪಾಸ್.

4. ಮೈನ್‌ಕ್ರಾಫ್ಟ್

ಇದು ಮಗನ ಆಯ್ಕೆ. ಸ್ವೀಡನ್ನಿನಲ್ಲಿ ಹುಟ್ಟಿ 2011ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಆಟ. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರ ಹೊತ್ತಿಗೆ 30 ಕೋಟಿ ಪ್ರತಿ ಮಾರಾಟವಾಗಿತ್ತು. ನೋಡಲು ಏನೂ ಚೆಂದವಿಲ್ಲ ಕಣ್ರೀ. ಮರ ಚೌಕ, ಹಸು ಚೌಕ, ಸೂರ್ಯನೂ ಚೌಕ! "ಇದೇನೋ ಮೈಸೂರ್ ಪಾಕ್ ಜೋಡಿಸಿದ ಹಾಗಿದೆ" ಎಂದು ನಾನೇ ನಕ್ಕಿದ್ದೆ.

ಆದರೆ 'ಕ್ರಿಯೇಟಿವ್' ಎಂಬ ವಿಧಾನದಲ್ಲಿ ಆಡಿದರೆ ಶತ್ರುವಿನ ಕಾಟವಿಲ್ಲ. ಎಷ್ಟು ಬೇಕಾದರೂ ಇಟ್ಟಿಗೆ, ಏನು ಬೇಕಾದರೂ ಕಟ್ಟಿ. ಅಕ್ಕ ತಮ್ಮ ಸೇರಿ ಬೇಸಿಗೆ ರಜೆಯಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಟ್ಟಲು ಹೊರಟರು. ಬೆಟ್ಟ ಆಯ್ತು, ಗುಡಿ ಆಯ್ತು. ಮೆಟ್ಟಿಲೆಷ್ಟು, ಗೋಪುರ ಯಾವ ಕಡೆ ಎಂದು ಜಗಳ ಬಂದು, ಕೊನೆಗೆ ಒಂದು ಭಾನುವಾರ ಎಲ್ಲರೂ ಬೆಟ್ಟಕ್ಕೇ ಹೋಗಿ ನೋಡಿಬಂದೆವು. ಕಂಪ್ಯೂಟರ್ ಗೇಮಿನಿಂದಾಗಿ ದೇವಸ್ಥಾನಕ್ಕೆ ಹೋದವರು ನಾವೇ ಇರಬೇಕು!

ಕುಕ್ಕರ್: ಪಾಸ್. ಪರ್ಸ್: ಆಟ ಒಮ್ಮೆ ಕೊಂಡರೆ ಸಾಕು. ಆದರೆ ಒಳಗೊಂದು ಅಂಗಡಿ ಇದೆ, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಚಾಪೆ: ಪಾಸ್. ಅಪರಿಚಿತರ ಜೊತೆ ಆನ್‌ಲೈನ್ ಆಡುವುದಕ್ಕೆ ಮಾತ್ರ ನಮ್ಮನೆಯಲ್ಲಿ ಅನುಮತಿ ಇಲ್ಲ.

3. ಸ್ಟಾರ್‌ಡ್ಯೂ ವ್ಯಾಲಿ

ಆಫೀಸ್ ಕೆಲಸದಲ್ಲಿ ಬೇಸತ್ತ ಒಬ್ಬರು ತಾತ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಬಂದು ಬೇಸಾಯ ಮಾಡುವ ಆಟ. 2016ರಲ್ಲಿ ಬಂತು. ಅಮೆರಿಕದ ಎರಿಕ್ ಬರೋನ್ ಎಂಬ ಹುಡುಗ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಮಾಡಿದ. ಆ ದಿನಗಳಲ್ಲಿ ಅವನಿಗೆ ಆಸರೆಯಾಗಿದ್ದು ಜೊತೆಗಾತಿಯ ದುಡಿಮೆ. 2024ರ ಕೊನೆಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು.

ನಮ್ಮಪ್ಪ ಗುಂಡ್ಲುಪೇಟೆ ಹತ್ತಿರದ ರೈತರು. ಚೆಂಡುಹೂವು, ಅರಿಶಿನ ಹಾಕುತ್ತಾರೆ. ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಟೂರಿಸ್ಟುಗಳು ಸೆಲ್ಫಿ ತೆಗೆಯುತ್ತಾರಲ್ಲ, ಅಂಥದ್ದೇ ಹೊಲ. ಒಮ್ಮೆ ನಮ್ಮನೆಗೆ ಬಂದಿದ್ದಾಗ ಮೊಮ್ಮಗ ಲ್ಯಾಪ್‌ಟಾಪ್ ತೋರಿಸಿದ. ಆಟದ ಶುರುವಿನಲ್ಲಿ ಊರಿನ ಮೇಯರ್ ಹದಿನೈದು ಪಾರ್ಸ್‌ನಿಪ್ ಬೀಜ ಕೊಡುತ್ತಾನೆ. ಮೂಲಂಗಿ ತರಹದ ಗೆಡ್ಡೆ. ನಾಲ್ಕೇ ದಿನಕ್ಕೆ ಬೆಳೆ ಕೈಗೆ!

"ನಾಕ್ ದಿನಕ್ಕಾ? ಅರಿಶಿನಕ್ಕೆ ನಂಗೆ ಒಂಬತ್ ತಿಂಗ್ಳು ಬೇಕು ಕನಪ್ಪ. ಈ ಬೀಜ ಎಲ್ಲಿ ಸಿಕ್ಕದು ಕೇಳು" ಎಂದರು ಅಪ್ಪ.

"ತಾತ, ಕಾಗೆ ಬಂದು ತಿನ್ನುತ್ತೆ. ಅದಕ್ಕೆ ಬೆದರುಬೊಂಬೆ ನಿಲ್ಲಿಸಬೇಕು."

"ಬೆರ್ಚಪ್ಪ ನಿಲ್ಸುದ್ರೆ ಆಯ್ತಾ? ಹಂದಿ? ಆನೆ?"

"ಆನೆ ಇಲ್ಲ ತಾತ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಾನೂ ಅಲ್ಲೇ ಬೇಸಾಯ ಮಾಡ್ತೀನಿ ಬುಡು" ಎಂದರು. ನಾವೆಲ್ಲ ನಕ್ಕೆವು. ಬಂಡೀಪುರದ ಅಂಚಿನ ಹೊಲಗಳಲ್ಲಿ ರಾತ್ರಿ ಕಾವಲು ಕಾಯುವವರ ಮನೆಯವರಿಗೆ ಆ ನಗುವಿನ ಹಿಂದಿನ ನೋವು ಅರ್ಥವಾಗುತ್ತದೆ. ಆನೆ ಬಂದ ರಾತ್ರಿ ತಾತ ಏನು ಮಾಡುತ್ತಾರೆ ಎಂದು ಮಗ ಮೊದಲ ಸಲ ಕೇಳಿದ್ದು ಅವತ್ತೇ. ಅಪ್ಪ ರಾತ್ರಿ ಹತ್ತರವರೆಗೂ ಹೇಳಿದರು.

ಈ ಆಟ ಆಡುತ್ತಿದ್ದಾಗಲೇ ಒಂದು ಭಾನುವಾರ ಮಗ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳಿದ. "ಅಮ್ಮ, ಆ ದುಡ್ಡು... ಕ್ಲಾಸಲ್ಲಿ ಎಲ್ರೂ ಒಟ್ಟಿಗೆ ಆಡ್ತಾರೆ. ಒಳ್ಳೆ ಡ್ರೆಸ್ ಇಲ್ದಿರೋನನ್ನ ನೂಬ್ ಅಂತ ಆಡ್ಕೋತಾರೆ. ಟೀಮಿಗೆ ಸೇರಿಸ್ಕೊಳಲ್ಲ." ಗದರಲು ಬಾಯಿ ತೆರೆದವಳು ಸುಮ್ಮನಾದೆ. ಹೋದ ವರ್ಷ ಸೋದರತ್ತೆ ಮಗಳ ಮದುವೆಗೆ ತಂಗಿಯ ನೆಕ್ಲೆಸ್ ಇಸಿದುಕೊಂಡು ಹಾಕಿಕೊಂಡು ಹೋಗಿದ್ದು ಯಾರು? ನಾನೇ ತಾನೇ! ನಾಲ್ಕು ಜನರ ಮುಂದೆ ಬರಿಗೊರಳಲ್ಲಿ ನಿಲ್ಲುವ ಸಂಕಟ ನನಗೆ ಗೊತ್ತು. ಅವನು ಮಾಡಿದ್ದು ತಪ್ಪೇ. ಆ ದುಡ್ಡನ್ನು ಹಬ್ಬಕ್ಕೆ ಸಿಗುವ ಕಾಸಿನಲ್ಲಿ ಸ್ವಲ್ಪ ಸ್ವಲ್ಪವೇ ತೀರಿಸುತ್ತಿದ್ದಾನೆ. ಆದರೆ ಯಾಕೆ ಮಾಡಿದ ಎಂದು ಆ ಹನ್ನೊಂದು ದಿನ ನಾನು ಒಮ್ಮೆಯೂ ಕೇಳಿರಲಿಲ್ಲ.

ಕುಕ್ಕರ್: ಜಸ್ಟ್ ಪಾಸ್. ಆಟದ ಒಂದು ದಿನಕ್ಕೆ ನಮ್ಮ ಸುಮಾರು 14 ನಿಮಿಷ. ಮಲಗಿದ ಮೇಲೆಯೇ ಆ ದಿನದ ಕೆಲಸ ಉಳಿಯುವುದು, ಹಾಗಾಗಿ 'ಇನ್ನೊಂದು ದಿನ' ಅನ್ನುವ ಚಟ ಹತ್ತಬಹುದು. ಮೊದಲೇ ದಿನ ಲೆಕ್ಕ ಹಾಕಿಕೊಂಡು ಕೂರಿ. ಪರ್ಸ್: ಡಿಸ್ಟಿಂಕ್ಷನ್. ಚಾಪೆ: ತಾತನಿಗೂ ಜಾಗ ಇದೆ!

2. ವೆಣ್ಬಾ

ಅಡುಗೆ ಮಾಡುವ ಕಂಪ್ಯೂಟರ್ ಗೇಮ್ ಅಂದಾಗ ನನಗೆ ನಗು ಬಂತು. ದಿನಾ ಮಾಡೋದು ಸಾಲದಾ? ಆದರೆ ಇದು ಬೇರೆ. ಕೆನಡಾದ ಟೊರಾಂಟೊ ನಗರದ ವಿಸೈ ಗೇಮ್ಸ್ 2023ರಲ್ಲಿ ತಂದ ಪುಟ್ಟ ಆಟ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ ಎಂಬ ಹೆಂಗಸಿನ ಕಥೆ. ಊರಿನಲ್ಲಿ ಟೀಚರ್ ಆಗಿದ್ದವಳಿಗೆ ಅಲ್ಲಿ ಸರಿಯಾದ ಕೆಲಸ ಸಿಗಲ್ಲ. ಅವಳ ಬಳಿ ಇರುವುದು ಅಮ್ಮ ಕೊಟ್ಟ ಅಡುಗೆ ಪುಸ್ತಕ. ಅದರ ಹಾಳೆಗಳೂ ಹರಿದು ಅಕ್ಷರ ಅಳಿಸಿಹೋಗಿವೆ. ಕ್ರಮ ಯಾವುದು ಎಂದು ನಾವೇ ಊಹಿಸಿ ಅಡುಗೆ ಮಾಡಬೇಕು.

ಮೊದಲ ಅಡುಗೆ ಇಡ್ಲಿ. ಇಂಗ್ಲಿಷ್ ಓದಿ ಹೇಳುತ್ತಿದ್ದ ಮಗ ತಟ್ಟೆಗಳನ್ನು ಹೇಗೆ ಜೋಡಿಸಬೇಕೆಂದು ಗೊತ್ತಾಗದೆ ಎರಡು ಸಲ ಸೋತ. ಹಿಂದಿನಿಂದ ನೋಡುತ್ತಿದ್ದ ನಮ್ಮತ್ತೆ, "ಒಂದರ ಮೇಲೊಂದು ತೂತು ಬರಬಾರದು ಕನ್ಲಾ, ಅದ್ಲುಬದ್ಲು ಇಡು, ಹಬೆ ಮೇಲಕ್ಕೆ ಓಗ್ಬೇಕಲ್ವಾ" ಎಂದರು. ಇಟ್ಟ. ಇಡ್ಲಿ ಬೆಂದಿತು! ಎಪ್ಪತ್ತು ದಾಟಿದ ನಮ್ಮತ್ತೆ ಗೆದ್ದ ಮೊದಲ ಕಂಪ್ಯೂಟರ್ ಗೇಮ್ ಇದು. ಅವತ್ತಿನಿಂದ ಗೋಲಿ ಬುಗುರಿ ಮಾತು ಪೂರ್ತಿ ನಿಂತಿದೆ.

ಮುಂದೆ ಪುಟ್ಟು, ಬಿರಿಯಾನಿ ಎಲ್ಲ ಬರುತ್ತವೆ. ಅವಳ ಮಗ ಕವಿನ್‌ಗೆ ಸ್ಕೂಲಿನಲ್ಲಿ ಮನೆಯ ಊಟದ ಡಬ್ಬಿ ತೆಗೆಯಲು ನಾಚಿಕೆ, ತಮಿಳು ಮಾತಾಡಲು ನಾಚಿಕೆ. ದೊಡ್ಡವನಾಗಿ ದೂರ ಹೋಗುತ್ತಾನೆ. ಆಮೇಲೆ ಅದೇ ಹರಿದ ಪುಸ್ತಕ ಹಿಡಿದು, ಬಾರದ ತಮಿಳಿನಲ್ಲಿ ತಡವರಿಸುತ್ತಾ ಅಡುಗೆಗೆ ನಿಲ್ಲುತ್ತಾನೆ. ಆ ಜಾಗದಲ್ಲಿ ನನ್ನ ಕಣ್ಣು ತುಂಬಿತು. ಮಗ ನೋಡಿಯೂ ನೋಡದವನಂತೆ ಕೂತಿದ್ದ. ನಮ್ಮೂರಿಗೆ ತಮಿಳೇನೂ ದೂರವಲ್ಲ, ತಾಳವಾಡಿ ಕಡೆ ಹೋದರೆ ಅದೇ ತಮಿಳುನಾಡು. ಮನೆಮಾತು ಯಾವುದಾದರೇನು, ಅಮ್ಮನ ಡಬ್ಬಿಗೆ ನಾಚುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ ಅಲ್ವಾ? ಈ ಆಟಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ಟಾದ ಮೊದಲ ಕೃತಿ ಪ್ರಶಸ್ತಿ ಸಿಕ್ಕಿತು.

ಕುಕ್ಕರ್: ಡಿಸ್ಟಿಂಕ್ಷನ್, ಯಾವ ಅವಸರವೂ ಇಲ್ಲ. ಪರ್ಸ್: ಡಿಸ್ಟಿಂಕ್ಷನ್. ಚಾಪೆ: ಮೂರು ತಲೆಮಾರು ಕೂತಿದ್ದೇವೆ.

1. ಅನ್‌ಪ್ಯಾಕಿಂಗ್

ನನ್ನ ಮೊದಲ ಸ್ಥಾನ ಇದಕ್ಕೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವಿಚ್ ಬೀಮ್ ಎಂಬ ಸಣ್ಣ ತಂಡ 2021ರಲ್ಲಿ ಮಾಡಿದ್ದು. 2022ರಲ್ಲಿ ಕಥನಕ್ಕಾಗಿ ಬಾಫ್ಟಾ ಪಡೆದಿದೆ. ಆದರೆ ಆಟದಲ್ಲಿ ಕಥೆ ಹೇಳುವ ಮಾತೇ ಇಲ್ಲ! ಒಬ್ಬ ಹೆಣ್ಣುಮಗಳು 1997ರಿಂದ 2018ರವರೆಗೆ ಎಂಟು ಸಲ ಸಾಮಾನು ಬಿಚ್ಚುತ್ತಾಳೆ. ಮೊದಲು ಬಾಲ್ಯದ ಕೋಣೆ, ಆಮೇಲೆ ಹಾಸ್ಟೆಲ್, ಬಾಡಿಗೆ ಮನೆ, ಹೀಗೆ. ನಾವು ಪೆಟ್ಟಿಗೆ ತೆರೆದು ಒಂದೊಂದೇ ವಸ್ತು ತೆಗೆದು ಜಾಗ ನೋಡಿ ಇಡಬೇಕು. ಅಷ್ಟೇ. ಅವಳ ಮುಖ ನಮಗೆ ಕಾಣುವುದೇ ಇಲ್ಲ. ಅವಳ ವಸ್ತುಗಳಿಂದಲೇ ಅವಳು ಯಾರೆಂದು ತಿಳಿಯುತ್ತದೆ.

2010ರಲ್ಲಿ ಅವಳು ತನ್ನ ಗೆಳೆಯನ ಮನೆಗೆ ಹೋಗುತ್ತಾಳೆ. ಆ ಮನೆ ಆಗಲೇ ಅವನ ಸಾಮಾನಿನಿಂದ ತುಂಬಿದೆ. ಅವಳ ವಸ್ತುಗಳನ್ನು ಸಂದಿಗೊಂದಿಯಲ್ಲಿ ತೂರಿಸಬೇಕು. ಕೊನೆಗೆ ಅವಳ ಡಿಗ್ರಿ ಸರ್ಟಿಫಿಕೇಟು ಉಳಿಯಿತು. ಚೌಕಟ್ಟು ಹಾಕಿಸಿದ್ದು. ಗೋಡೆಯಲ್ಲಿ ಜಾಗವಿಲ್ಲ. ಅಡುಗೆಮನೆಯಲ್ಲಿ ಇಲ್ಲ. ಬಚ್ಚಲಲ್ಲೂ ಇಟ್ಟು ನೋಡಿದೆವು. ಎಲ್ಲಿಟ್ಟರೂ ತಪ್ಪು ಎನ್ನುತ್ತದೆ. ಮಗ ಅದನ್ನು ಮಂಚದ ಕೆಳಗೆ ತಳ್ಳಿದ. ಸರಿ ಎಂದಿತು ಆಟ!

ನಾನು ಮಾತಾಡಲಿಲ್ಲ. ಮಗ ಕೇಳಿದ, "ಅಮ್ಮ, ನೀನು ಬಿ.ಎ. ಅಲ್ವಾ? ನಿಂದೂ ಇದೆಯಾ ಇಂಥದ್ದು?"

"ಇದೆ."

"ಎಲ್ಲಿದೆ?"

ಎಲ್ಲಿದೆ ಹೇಳಿ ನೋಡೋಣ! ಮಂಚದ ಕೆಳಗಿನ ಟ್ರಂಕಿನಲ್ಲಿ, ಹಳೇ ಪ್ಲಾಸ್ಟಿಕ್ ಕವರಿನೊಳಗೆ, ರೇಷನ್ ಕಾರ್ಡಿನ ಜೆರಾಕ್ಸ್ ಜೊತೆಗೆ. 2008ರಲ್ಲಿ ಗುಂಡ್ಲುಪೇಟೆಯ ಕಾಲೇಜಿನಿಂದ ಪಾಸಾಗಿ, ಅದೇ ವರ್ಷ ಮದುವೆಯಾಗಿ ಬಂದಾಗ ನಾನೇ ಇಟ್ಟದ್ದು. ಯಾರೂ ಇಡು ಅನ್ನಲಿಲ್ಲ. ಗೋಡೆಯ ಮೇಲೆ ಜಾಗ ಎಲ್ಲಿದೆ ಅಂತ ನಾನೂ ಕೇಳಲಿಲ್ಲ. ಮಗ ಟ್ರಂಕ್ ಎಳೆದು ತೆಗೆದು, ಅಕ್ಕನನ್ನು ಕರೆದು ತೋರಿಸಿದ. ಸೆಕೆಂಡ್ ಕ್ಲಾಸ್ ಅಂತ ನೋಡಿ ಇಬ್ಬರೂ ನಕ್ಕರು ಬಿಡಿ!

ಈಗ ಅದು ಟ್ರಂಕಿನಿಂದ ಬೀರುವಿಗೆ ಬಂದಿದೆ. ಗೋಡೆಗೆ ಬರುವುದು ಇನ್ನೂ ಬಾಕಿ.

ಕುಕ್ಕರ್: ನೂರಕ್ಕೆ ನೂರು. ಗಡಿಯಾರವೇ ಇಲ್ಲದ ಆಟ, ಅರ್ಧ ಬಿಚ್ಚಿದ ಪೆಟ್ಟಿಗೆ ಹಾಗೇ ಕಾಯುತ್ತದೆ. ಪರ್ಸ್: ನೂರಕ್ಕೆ ನೂರು. ಚಾಪೆ: "ಅಲ್ಲಿ ಬೇಡ, ಇಲ್ಲಿಡು" ಅನ್ನಲು ಮನೆಮಂದಿಯೆಲ್ಲ ಬರುತ್ತಾರೆ.

ಪಟ್ಟಿಯಲ್ಲಿಲ್ಲದ ಆಟ

ಮಗನ ನಂಬರ್ ಒನ್ ಇದ್ಯಾವುದೂ ಅಲ್ಲ. ಅವನಿಗೆ ಈಗಲೂ ತಂಡ ಕಟ್ಟಿ ಗುಂಡು ಹೊಡೆಯುವ ಮೊಬೈಲ್ ಆಟವೇ ಇಷ್ಟ. ಶನಿವಾರ ಮಾತ್ರ ಎಂದು ಒಪ್ಪಂದವಾಗಿದೆ. ಆಗಾಗ ಜಗಳವೂ ಆಗುತ್ತದೆ. ಅವನ ಪಕ್ಕ ಕೂತು ನೋಡಿದ ಮೇಲೆ ಒಂದು ವಿಷಯ ತಿಳಿಯಿತು. ಆ ಆಟಗಳಲ್ಲಿ ಒಂದು ಪಂದ್ಯಕ್ಕೆ ಅರ್ಧ ಗಂಟೆಯೂ ಹಿಡಿಯಬಹುದು, ಮಧ್ಯೆ ನಿಲ್ಲಿಸುವ ಸೌಲಭ್ಯವಿಲ್ಲ. ಎದ್ದರೆ ಜೊತೆಯವರೆಲ್ಲ ಸೋಲುತ್ತಾರೆ. ನಾವು "ಊಟಕ್ಕೆ ಬಾ" ಎಂದು ಮೂರು ಸಲ ಕೂಗಿದರೂ ಅವನು ಏಳದಿದ್ದುದಕ್ಕೆ ಸೊಕ್ಕೊಂದೇ ಕಾರಣವಲ್ಲ, ಆ ಆಟ ಮಾಡಿರುವುದೇ ಹಾಗೆ. ಅದಕ್ಕೇ ಅದು ನನ್ನ ಕುಕ್ಕರ್ ಪರೀಕ್ಷೆಯಲ್ಲಿ ಫೇಲ್.

ನಿಮಗೊಂದಿಷ್ಟು ಕಿವಿಮಾತು

* ಯುಪಿಐ ಪಿನ್‌ಗೆ ಹುಟ್ಟಿದ ಇಸವಿ, ಗಾಡಿ ನಂಬರ್ ಬೇಡವೇ ಬೇಡ. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ. ಬ್ಯಾಂಕ್ ಮೆಸೇಜ್‌ಗಳನ್ನು ದಿನಕ್ಕೊಮ್ಮೆ ನೋಡಿ.

* "ಬಾ" ಎನ್ನುವ ಮುನ್ನ "ಇದು ಮುಗಿಯೋಕೆ ಎಷ್ಟು ಹೊತ್ತು?" ಎಂದು ಕೇಳಿ. ಊಟಕ್ಕೆ ಅರ್ಧ ಗಂಟೆ ಮೊದಲೇ "ಹೊಸ ಪಂದ್ಯ ಶುರು ಮಾಡಬೇಡ" ಎಂದರೆ ಅರ್ಧ ಜಗಳ ಕಡಿಮೆ.

* ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬೇಸಿಗೆ ಮತ್ತು ಚಳಿಗಾಲದಲ್ಲಿ ರಿಯಾಯಿತಿ ಮಾರಾಟ ಇರುತ್ತದೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಹಳೆ ಲ್ಯಾಪ್‌ಟಾಪ್ ಆದರೆ ಇದು ನೆನಪಿರಲಿ.

* ಹಣ ಕಟ್ಟಿ, ಗೆದ್ದರೆ ಹಣ ಬರುತ್ತದೆ ಎನ್ನುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆದರೆ ನನ್ನ ಮಗ ಬಟ್ಟೆ ಬಣ್ಣಕ್ಕೆ ಸುರಿದ ದುಡ್ಡು ಪಣವಲ್ಲ, ಖರೀದಿ. ಅದಕ್ಕೆ ಕಾವಲು ನಾವೇ.

* ಯಾರಾದರೂ ಆನ್‌ಲೈನಿನಲ್ಲಿ ಮೋಸ ಮಾಡಿ ಹಣ ಎಗರಿಸಿದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

* ಆಟ ಇಷ್ಟಪಡುವುದೇ ಕಾಯಿಲೆಯಲ್ಲ. ನಿದ್ದೆ, ಓದು, ಊಟ, ಗೆಳೆಯರು ಎಲ್ಲ ಕೆಟ್ಟರೂ ನಿಲ್ಲಿಸಲಾಗದೆ ಹೋದರೆ ಅದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಶುರುವಾಯಿತು. ಅಲ್ಲಿವರೆಗೆ ಹೋಗಲಾಗದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಒಂದು ಮಾತು. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಒಂದೇ ಒಂದು ಭಾನುವಾರ ಪಕ್ಕದಲ್ಲಿ ಕೂತು, "ನಂಗೂ ಹೇಳ್ಕೊಡೋ" ಅಂದು ನೋಡಿ. ಹೇಳಿಕೊಡುವಾಗ ಅವರ ಮುಖದ ಮೇಲೆ ಬರುವ ಗತ್ತು ನೋಡಬೇಕು ನೀವು! ಆಟದಲ್ಲಿ ನಾವು ಸೋಲಬಹುದು. ನನಗೆ ಮಾತ್ರ ಮಾತು ಬಿಟ್ಟ ಮಗ ವಾಪಸ್ ಸಿಕ್ಕ.

ನಿಮ್ಮನೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವ ಆಟಕ್ಕೆ? ಯೋಚಿಸ್ತಾ ಇರಿ. ಅಗೋ, ಮೂರನೇ ವಿಷಲ್ ಕೂಗಿತು. ನಾನಿನ್ನು ಏಳ್ತೀನಿ.